ಮಂಗಳದ ಆಚೆಯ ರೀಲು

ಅಗರದಲ್ಲಿ ಯಾರ ಮನೆಯ ಮದುವೆ ಗೊತ್ತಾದರೂ ಪುಟ್ಟಬಸಮ್ಮನಿಗೆ ಕರೆ ಬರುತ್ತಿತ್ತು. ಕರೆಯ ಬೆನ್ನಿಗೇ ಒಂದು ಮಾತೂ ಬರುತ್ತಿತ್ತು. “ಬಸಮ್ಮ ಬತ್ತಾವ್ಳೆ ಕಣ್ರವ್ವ, ಡಾಬು ಜೋಪಾನ.” ಮದುವಣಗಿತ್ತಿಯ ಸೊಂಟಕ್ಕೆ ಚಿನ್ನದ ಡಾಬು ಬಿಗಿಯುತ್ತಿದ್ದ ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ಪುಟ್ಟಬಸಮ್ಮನೂ ನಗುತ್ತಿದ್ದಳು. ನಗುತ್ತ ನಗುತ್ತಲೇ ಒಂದು ಹೆಜ್ಜೆ ಹಿಂದಕ್ಕೆ ಸರಿದು, ಸೌತೆಕಾಯಿ ಹೆಚ್ಚುವವರ ಜೊತೆ ಹೋಗಿ ಕೂರುತ್ತಿದ್ದಳು. ಹೀಗೆ ಸರಿದು ಸರಿದು, ನಲವತ್ತು ವರ್ಷದ ಹಿಂದೆ ಒಂದು ದಿನ ಮದುವೆಮನೆಯ ಚಪ್ಪರ ಮೆಟ್ಟುವುದನ್ನೇ ಬಿಟ್ಟುಬಿಟ್ಟಳು.

ಆ ಮಾತಿನ ಬೇರು ಇದ್ದದ್ದು ಒಂದು ಸಿನಿಮಾದಲ್ಲಿ. ಸಿನಿಮಾಕ್ಕೆ ಬಾಯಿ ಬಂದ ಹೊಸತರಲ್ಲಿ, ಕಂಪನಿ ನಾಟಕವೊಂದನ್ನು ಅನಾಮತ್ತಾಗಿ ಎತ್ತಿ ಪರದೆಗೆ ಇಳಿಸಿದ್ದ ನಗೆಯ ಪತ್ತೇದಾರಿ ಚಿತ್ರ ಅದು. ಹೆಸರು ‘ಕಾಣೆಯಾದ ಡಾಬು’. ಸಾಹುಕಾರನ ಮಗಳ ಮದುವೆಯ ಹಿಂದಿನ ದಿನ ಡಾಬು ಮಾಯವಾಗುತ್ತದೆ. ಪುರೋಹಿತ, ಅಡಿಗೆಯವನು, ಗಂಡಿನ ಸೋದರಮಾವ, ಮನೆಗೆಲಸದ ಚೌಡಮ್ಮ, ಎಲ್ಲರ ಮೇಲೂ ಅನುಮಾನ. ಆ ಚೌಡಮ್ಮನ ವೇಷ ಹಾಕಿದ್ದವಳೇ ಪುಟ್ಟಬಸಮ್ಮನ ಹೆತ್ತವ್ವ ಗೋವಿಂದಮ್ಮ. ಹದಿನೇಳಕ್ಕೆ ನಾಟಕದ ಕಂಪನಿಯ ಗಾಡಿ ಹತ್ತಿದ ಹುಡುಗಿ, ಅದೊಂದೇ ಸಿನಿಮಾದಲ್ಲಿ ಕಾಣಿಸಿಕೊಂಡು, ಊರಿಗೆ ಮರಳಿ, ಮದುವೆಯಾಗಿ, ಒಂದು ಹೆಣ್ಣು ಹೆತ್ತು, ಆ ಕೂಸಿಗೆ ನಾಲ್ಕು ತುಂಬುವಷ್ಟರಲ್ಲಿ ಜ್ವರ ಬಂದು ಹೋಗಿಬಿಟ್ಟಳು.

ಅವಳು ಹೋದ ಆರು ವರ್ಷಕ್ಕೆ ಮಧುವನಹಳ್ಳಿಯ ಬಯಲಿನಲ್ಲಿ ಟೆಂಟಿನವರು ಆ ಹಳೆಯ ಚಿತ್ರ ತಂದು ಮೂರು ವಾರ ಓಡಿಸಿದರು. ಕೊಳ್ಳೇಗಾಲ, ಹನೂರು, ಯಳಂದೂರು, ಮೂರು ಕಡೆಯ ಜನವೂ ಗಾಡಿ ಕಟ್ಟಿಕೊಂಡು ಹೋಗಿ ನೋಡಿದರು. ಅಗರದವರು ನಮ್ಮೂರ ಹೆಣ್ಣು ಎಂದು ಎರಡೆರಡು ಸಲ ನೋಡಿದರು. ಚೌಡಮ್ಮನ ಮಡಿಲಲ್ಲಿ ಡಾಬಿನ ಪೆಟ್ಟಿಗೆ ಸಿಕ್ಕಿತು. ಕೈ ಕಟ್ಟಿದರು. ಮಂಗಳ ಹಾಡಿದರು. ವಾಪಸು ಬರುವ ಗಾಡಿಯಲ್ಲೇ ಯಾರೋ ‘ಡಾಬುಗಳ್ಳಿ’ ಎಂದರು. ಸತ್ತವಳಿಗೆ ಅಂಟಿಸಿದ ಹೆಸರು ಹತ್ತು ವರ್ಷದ ಮಗಳ ಹೆಗಲಿಗೆ ಬಂತು, ಎಂಬತ್ತಮೂರು ತುಂಬಿದರೂ ಇಳಿಯಲಿಲ್ಲ.

ಪುಟ್ಟಬಸಮ್ಮನ ಮೊಮ್ಮಗಳು ಕೋಮಲ. ಅಪ್ಪ ಅವ್ವ ಇಬ್ಬರೂ ಹೊತ್ತಾರೆ ಎದ್ದು ಕೊಳ್ಳೇಗಾಲದ ರೇಷ್ಮೆ ಮಗ್ಗಕ್ಕೆ ಹೋಗುತ್ತಿದ್ದರಿಂದ ಈ ಹುಡುಗಿ ಬೆಳೆದದ್ದೆಲ್ಲ ಅಜ್ಜಿಯ ಕತೆಗಳ ನೆರಳಿನಲ್ಲಿ. ಏಳು ಸಮುದ್ರದ ಆಚೆ ಗಿಣಿಯ ಹೊಟ್ಟೆಯಲ್ಲಿ ಜೀವ ಇಟ್ಟವನೂ ಕೊನೆಗೆ ಸಿಗುತ್ತಿದ್ದ, ಬಾವಿಗೆ ಬಿದ್ದ ಉಂಗುರವೂ ಮೀನಿನ ಹೊಟ್ಟೆಯಿಂದ ವಾಪಸು ಬರುತ್ತಿತ್ತು. ಒಂದು ಕತೆಗೆ ಮಾತ್ರ ತುದಿ ಇರಲಿಲ್ಲ.

“ಕೈ ಕಟ್ಟುದ್ರು, ಮಂಗಳ ಆಡುದ್ರು, ನಮ್ಮಪ್ಪ ನನ್ನ ಕರ್ಕಂಡು ಆಚೆ ಬಂದ,” ಎನ್ನುತ್ತಿದ್ದಳು ಅಜ್ಜಿ.

“ಆಮೇಲೆ?”

“ಆಮೇಲೆ ಏನೂ ಇಲ್ಲ.”

“ಡಾಬು ಎಲ್ಲಿ ಸಿಕ್ತು ಅಜ್ಜಿ?”

“ಸಿಗ್ನಿಲ್ಲ ಕಣ. ಬರೀ ಪೆಟ್ಗೆ ಸಿಕ್ಕಿದ್ದು.”

ಕಳೆದುಹೋದ ವಸ್ತು ಸಿಗದೆ ಕತೆ ಹೇಗೆ ಮುಗಿಯುತ್ತದೆ? ಕೋಮಲ ಏಳು ವರ್ಷದವಳಿದ್ದಾಗ ಎದ್ದ ಈ ಪ್ರಶ್ನೆ ಇಪ್ಪತ್ತೈದಾದರೂ ಕೂತಿರಲಿಲ್ಲ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಸೆಂಟರಿನಲ್ಲಿ ಪಹಣಿ, ಪಿಂಚಣಿ, ಜಾತಿ ಸರ್ಟಿಫಿಕೇಟಿನ ಅರ್ಜಿ ತುಂಬುವುದು ಅವಳ ಕೆಲಸ. ಮಧ್ಯಾಹ್ನ ಜನ ಕಡಿಮೆಯಾದ ಹೊತ್ತಿನಲ್ಲಿ ಅವಳು ತನ್ನದೇ ಒಂದು ಅರ್ಜಿ ಬರೆಯುತ್ತಿದ್ದಳು, ಹಳೆಯ ಚಿತ್ರಗಳನ್ನು ಕಾಪಿಡುವ ದೂರದ ಒಂದು ಸಂಗ್ರಹಾಲಯಕ್ಕೆ. ಒಂದೂವರೆ ವರ್ಷದಲ್ಲಿ ಹತ್ತೊಂಬತ್ತು ಕಾಗದ. ಮೊದಲಿಗೆ ಉತ್ತರವಿಲ್ಲ, ಆಮೇಲೆ ‘ಪರಿಶೀಲನೆಯಲ್ಲಿದೆ’, ಆಮೇಲೆ ‘ನಟಿಯ ಜೊತೆಗಿನ ಸಂಬಂಧಕ್ಕೆ ದಾಖಲೆ ಕೊಡಿ’. ವಂಶವೃಕ್ಷ ಬರೆಸುವುದು ಅವಳಿಗೆ ಹೇಳಿಕೊಡಬೇಕಾದ ವಿದ್ಯೆಯೇ? ಸೀಲು ಸಮೇತ ಕಳಿಸಿದಳು. ಇಪ್ಪತ್ತನೆಯ ಕಾಗದ ಬರೆಯಲು ಕೂತ ವಾರ ಒಂದು ಪೆನ್‌ಡ್ರೈವ್ ಬಂತು.

ಅಂಗಡಿಯ ಕಂಪ್ಯೂಟರಿನಲ್ಲೇ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೋಡಿದಳು. ಗೀಚು ಗೀಚು ಚಿತ್ರ, ಎಣ್ಣೆಯಲ್ಲಿ ಏನೋ ಕರಿಯುತ್ತಿರುವಂತೆ ಸದ್ದು. ಆದರೆ ಆ ಸದ್ದಿನ ಒಳಗಿಂದ ಸಾಹುಕಾರ ಸೀನುತ್ತಿದ್ದ, ನಿಂಬೆಹಣ್ಣು ಉರುಳಿಸಿ ಕಳ್ಳನನ್ನು ಹಿಡಿಯುತ್ತೇನೆಂದ ಡೋಂಗಿ ಜೋಯಿಸ ತಾನೇ ಜಾರಿ ಬೀಳುತ್ತಿದ್ದ, ಮೊಣಕೈ ಉದ್ದದ ಪೊರಕೆ ಹಿಡಿದು ಚೌಡಮ್ಮ ಎಲ್ಲರ ಕಾಲಿಗೂ ಅಡ್ಡ ಬರುತ್ತಿದ್ದಳು. ಅಜ್ಜಿಯ ಮೂಗು, ಅಜ್ಜಿಯದೇ ಗಲ್ಲ. ಪೆಟ್ಟಿಗೆ ಸಿಕ್ಕಿತು. ಕೈ ಕಟ್ಟಿದರು. ಸಾಹುಕಾರ “ಕಳ್ಳಿ ಸಿಕ್ಕಳು, ಹಾಡ್ರಯ್ಯಾ ಮಂಗಳ” ಎಂದ. ಎಲ್ಲರೂ ಸಾಲಾಗಿ ನಿಂತು, ಆರತಿ ತಟ್ಟೆ ಎತ್ತಿ, ಕೈಮುಗಿದು ಹಾಡಿದರು.

ಕೋಮಲ ಹೆಡ್‌ಫೋನ್ ತೆಗೆಯಲು ಕೈ ಎತ್ತಿದಳು. ಪರದೆಯ ಕೆಳಗಿನ ಗೆರೆ ಕಣ್ಣಿಗೆ ಬಿತ್ತು. ಇನ್ನೂ ಹನ್ನೊಂದು ನಿಮಿಷ ಬಾಕಿ ಇತ್ತು.

ಆ ಹನ್ನೊಂದು ನಿಮಿಷವನ್ನು ನೋಡಿ ಮುಗಿಸಿ, ಕೊನೆಯ ತುಣುಕನ್ನು ಫೋನಿಗೆ ಇಳಿಸಿಕೊಳ್ಳತೊಡಗಿದಳು. ಪಹಣಿಗೆ ಬಂದವರೊಬ್ಬರು “ಸರ್ವರ್ ಡೌನಾ ತಾಯಿ?” ಎಂದು ಕೇಳಿ ಹೊರಟುಹೋದರು.

ಸಂಜೆ ಮನೆಗೆ ಬಂದಾಗ ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮುಖ ನೋಡಿಯೇ ಗೊತ್ತಾಯಿತು ಅವಳಿಗೆ.

“ನೋಡ್ದಾ?”

“ನೋಡ್ದೆ ಅಜ್ಜಿ.”

“ನಮ್ಮವ್ವ ಕದ್ದಿಲ್ಲ ತಾನೆ?”

ಸುಳ್ಳು ಹೇಳಬಹುದಿತ್ತು. ನಾಲಿಗೆ ತಿರುಗಲಿಲ್ಲ. “ಕದ್ದವ್ಳೆ. ಚೌಡಮ್ಮನೇ ಕದ್ದದ್ದು.”

ಒಂದು ಅವರೆಕಾಳು ಮೊರದಿಂದಾಚೆ ಉರುಳಿತು. ಅಜ್ಜಿ ಅದನ್ನು ಹುಡುಕಿ ತೆಗೆದು ಮೊರಕ್ಕೆ ಹಾಕಿ, “ಆಮೇಲೆ?” ಎಂದಳು.

“ಆಮೇಲೆ ಇನ್ನೂ ಅದ. ಕತೆ ಮುಗಿದ ಮೇಲೆ ಒಂದೂವರೆ ನಿಮಿಷ ಅದ. ಅದ್ರಲ್ಲಿ ನಿಮ್ಮವ್ವ ಮಾತಾಡ್ತಾಳೆ ಅಜ್ಜಿ. ಚೌಡಮ್ಮ ಅಲ್ಲ, ನಿಮ್ಮವ್ವ. ಫೋನ್‌ಗೆ ಹಾಕ್ಕಂಡು ಬಂದಿವ್ನಿ, ನೋಡು ಬಾ.”

ಹೆತ್ತವಳ ದನಿ ಅಜ್ಜಿಗೆ ನೆನಪಿರಲಿಲ್ಲ. ಟೆಂಟಿನಲ್ಲಿ ಕೇಳಿದ್ದು ಚೌಡಮ್ಮನ ಗಯ್ಯಾಳಿ ದನಿ ಮಾತ್ರ. ಆದರೂ ಚಾಚಿದ ಫೋನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು.

“ಬ್ಯಾಡ. ನಾನೊಬ್ಳೇ ಕೇಳ್ಬುಟ್ಟು ಯಾರ್ಗೇಳ್ಲಿ, ಬಾವಿಗ್ ಬಗ್ಗಿ ಏಳ್ಳಾ? ಊರೆದುರು ಕಳ್ಳಿ ಮಗಳು ಅನ್ನಿಸ್ಕಂಡಿವ್ನಿ. ಕೇಳುದ್ರೆ ಊರೆದುರೇ ಕೇಳ್ತೀನಿ. ತೋರ್ಸು, ಎಲ್ರಿಗೂ ತೋರ್ಸು.”

“ಕದ್ದದ್ದೂ ನೋಡ್ತಾರಲ್ಲ ಅಜ್ಜಿ.”

“ಅದ್ನ ಎಪ್ಪತ್ತು ವರ್ಷದಿಂದ ನೋಡ್ತಾವ್ರೆ. ನೋಡ್ದೇ ಇರೋದ್ನ ತೋರ್ಸು.”

ಒಂದು ಅನುಮಾನ ಮಾತ್ರ ಕೋಮಲಳನ್ನು ಕೊರೆಯುತ್ತಿತ್ತು. ಆ ಹನ್ನೊಂದು ನಿಮಿಷ ಮೂರು ಸೀಮೆಯ ಜನರಲ್ಲಿ ಒಬ್ಬರಿಗೂ ಯಾಕೆ ಗೊತ್ತಿಲ್ಲ? ಎಂಬತ್ತು ದಾಟಿದ ಯಾರು ಪಿಂಚಣಿಗೆಂದು ಅಂಗಡಿಗೆ ಬಂದರೂ ಅವಳು ಟೆಂಟಿನ ಸುದ್ದಿ ಕೇಳುತ್ತಿದ್ದಳು. ಹಾಗೆ ಸಿಕ್ಕಿದ್ದು ಹೂಗ್ಯಂನ ಮುತ್ತಯ್ಯನ ಹೆಸರು. ಭಾನುವಾರ ಹನೂರಿಗೆ ಒಂದು ಬಸ್ಸು, ಅಲ್ಲಿಂದ ಹೂಗ್ಯಂಗೆ ಇನ್ನೊಂದು, ಎರಡಕ್ಕೂ ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ಟಿನಲ್ಲಿ ಹೋದಳು. ಕಾಡಿನಂಚಿನ ಹೊಲದಲ್ಲಿ ಆನೆ ಬಾರದ ಹಾಗೆ ಕಟ್ಟಿದ ತಂತಿಯ ಪಕ್ಕ ಮಂಚ ಹಾಕಿಕೊಂಡು ಮುದುಕ ಮಲಗಿದ್ದ. ಹದಿನೈದನೆಯ ವಯಸ್ಸಿಗೆ ಟೆಂಟಿನ ಮಿಷನ್ ಹಿಡಿದವನು. ಮಾತಿನಲ್ಲಿ ಅರ್ಧ ತಮಿಳು ಬೆರೆತಿತ್ತು.

“ವಾ ಕಣ್ಣು, ಕೂತ್ಕೋ. ಡಾಬು ಪಡಮಾ, ಆ ಪಿಚ್ಚರ್ರಾ? ಹದ್ನಾಲ್ಕು ಡಬ್ಬಿ ರೀಲು ಬಂದಿದ್ದು. ನಾವು ಓಡ್ಸಿದ್ದು ಹದ್ಮೂರು.”

“ಹದಿನಾಲ್ಕನೇದು ಯಾಕೆ ಓಡಿಸ್ಲಿಲ್ಲ ತಾತ?”

“ಯಾರ್ಗೆ ಓಡ್ಸದು?” ಮುತ್ತಯ್ಯ ಎದ್ದು ಕೂತ. “ನಾಟಕ ನೋಡಿ ಬೆಳೆದ ಜನ ಕಣ್ಣು ಅದು. ಮಂಗಳ ಹಾಡುದ್ರೆ ಎದ್ದು ಕೈಮುಗ್ದು ಮನೆಗೆ ಹೋಗದು. ಕಾಲಿಗೇ ಅಭ್ಯಾಸ. ಈ ಪಡದೋನು ಕುಯುಕ್ತಿ ಮಾಡಿ, ನಡೂವೆ ಸುಳ್ಳು ಮಂಗಳ ಮಡಗವ್ನೆ. ಮೊದಲ್ನೇ ದಿನ ಹದ್ನಾಲ್ಕೂ ಹಾಕ್ದೆ. ಪರದೆ ಒಳಗೆ ಅಯ್ನೋರು ‘ಕೂತ್ಕೊಳ್ರಪ್ಪಾ, ಇನ್ನೂ ಮುಗಿದಿಲ್ಲ’ ಅಂತ ಕೂಗ್ತಾವ್ರೆ, ಕೆಳಗೆ ನೋಡುದ್ರೆ ಬರೀ ಮಣ್ಣು, ಒಂದು ನಾಯಿ. ಓನರ್ರು ಬಂದು ‘ನಾಯಿಗೆ ಯಾಕ್ಲಾ ಮಿಷನ್ ದೀಪದ ಕಾರ್ಬನ್ ಸುಡ್ತೀಯೆ’ ಅಂದ್ರು. ಮುಡಿಂಜುದು, ಮುಗೀತು. ಆವತ್ತಿಂದ ಹದ್ಮೂರೇ.”

“ಹಂಗಾದ್ರೆ ಕೊನೇ ರೀಲು ನೋಡಿದೋರು?”

“ನಾನು, ಆ ನಾಯಿ.” ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. ಕೋಮಲ ಊರೆದುರು ತೋರಿಸಬೇಕೆಂದಾಗ ನಗು ನಿಲ್ಲಿಸಿ ಹೇಳಿದ. “ಆ ಮಂಗಳಾನ ಕತ್ತರಿಸಿ ಬಿಸಾಕು. ಈಗ್ಲೂ ಎದ್ದೋಯ್ತಾರೆ, ನೋಡ್ತಿರು.”

ವಾಪಸು ಬರುವ ಬಸ್ಸಿನಲ್ಲಿ ಅವಳು ಆ ಮಾತನ್ನೇ ತಿರುವಿ ಹಾಕಿದಳು. ಕತ್ತರಿಸುವುದು ಎರಡು ನಿಮಿಷದ ಕೆಲಸ. ಆದರೆ ಅಗರದ ಮುದುಕರಿಗೆ ಚಿತ್ರ ಬಾಯಿಪಾಠ. ಮಂಗಳ ಎಲ್ಲಿ ಎಂದರೆ? ಇದೂ ಇವಳ ಕೈಚಳಕ, ಕಂಪ್ಯೂಟರಿನಲ್ಲಿ ಏನು ಬೇಕಾದರೂ ಅಂಟಿಸುತ್ತಾರೆ ಎಂದರೆ? ಮತ್ತೊಂದು ಕಳ್ಳತನ ಆ ಮನೆಯ ಲೆಕ್ಕಕ್ಕೆ ಸೇರುತ್ತದೆ, ಅಷ್ಟೆ. ಹನೂರು ಬರುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು. ತೋರಿಸಿದರೆ ಹದಿನಾಲ್ಕೂ ಡಬ್ಬಿ, ಇದ್ದದ್ದು ಇದ್ದ ಹಾಗೆ. ಅವರ ಕಾಲು ಎದ್ದರೆ ಆ ಕಾಲಿಗೇ ಏನಾದರೂ ಮಾಡಬೇಕು.

ಜಾಗ ತಾನಾಗಿ ಒದಗಿತು. ಊರಿನ ದೊಡ್ಡ ಹಿಡುವಳಿಯ ಕೆಂಪನಂಜಪ್ಪನ ಮೊಮ್ಮಗಳು ಪ್ರೇಮಾಳ ಮದುವೆ. ಗಂಡು ಹೆಣ್ಣು ಹೊಳೆದಂಡೆಯಲ್ಲಿ ಓಡಾಡುವ ವಿಡಿಯೋ ತೋರಿಸಲು ಸಮುದಾಯ ಭವನಕ್ಕೆ ಯಳಂದೂರಿನಿಂದ ಗೋಡೆಯಗಲದ ಎಲ್‌ಇಡಿ ಪರದೆ ತರಿಸಿದ್ದರು. ಚಪ್ಪರದ ದಿನ ಊಟವಾದ ಮೇಲೆ ಪರದೆ ಖಾಲಿ. ಕೋಮಲ ಹೋಗಿ ಕೇಳಿದಳು.

ಎಂಬತ್ತರ ಹತ್ತಿರದ ಕೆಂಪನಂಜಪ್ಪ ಆ ಹಳೆಯ ಮಾತನ್ನು ಊರಿನಲ್ಲಿ ಅತಿ ಹೆಚ್ಚು ಸಲ ಆಡಿದವರು. “ಯಾವ್ದು, ಡಾಬುಗಳ್ಳಿ ಪಿಚ್ಚರ್ರಾ? ನಾನು ನಮ್ಮಪ್ಪನ ಹೆಗಲ ಮೇಲೆ ಕುಂತು ನೋಡಿದ್ದೆ ಕಣವ್ವ. ಆಕು ಆಕು. ಬೀಗ್ರೂ ನೋಡಿ ಒಸಿ ನಗ್ಲಿ.”

“ಒಂದೇ ಮಾತು ತಾತ. ಪೂರ್ತಿ ನೋಡ್ಬೇಕು.”

“ಎರಡು ಗಂಟೆ ಕುಂತ್ಕಳಕೆ ನಂಗೇನು ಮೂಲವ್ಯಾಧಿಯಾ? ನೋಡ್ತೀನಿ ಓಗು.”

ಮನೆಗೆ ಬಂದು ಅಜ್ಜಿಗೆ ಎಲ್ಲವನ್ನೂ ಹೇಳಿದಳು, ಮುತ್ತಯ್ಯನ ನಾಯಿಯನ್ನೂ ಬಿಡದೆ. ಮಂಗಳಕ್ಕೆ ಜನ ಎದ್ದರೆ ನಾನು ಮೈಕಿನಲ್ಲಿ ಕೂಗಿ ಹೇಳುತ್ತೇನೆ ಎಂದಳು. ಅಜ್ಜಿ ಬಾಯೊಳಗಿನ ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಂಡು, “ಊಟ ಆಗಿ ಕಾಪಿ ವಾಸ್ನೆ ಬಂದ್ಮೇಲೆ ನಿನ್ನ ಮೈಕು ಯಾರ್ ಕೇಳಾರು? ನೀನು ಪಿಚ್ಚರ್ ನೋಡ್ಕ. ಬಾಗ್ಲು ನಾನ್ ನೋಡ್ಕತೀನಿ,” ಎಂದಳು.

ಚಪ್ಪರದ ದಿನ ಪುಟ್ಟಬಸಮ್ಮ ಹಸಿರು ಕಂಚಿಯ ಸೀರೆ ಉಟ್ಟು, ನಲವತ್ತು ವರ್ಷದ ಮೇಲೆ ಮದುವೆಮನೆಗೆ ಬಂದಳು. ಕೆಂಪನಂಜಪ್ಪನ ಹೆಂಡತಿ ಚನ್ನಮಲ್ಲಮ್ಮ ಅಭ್ಯಾಸಬಲದಿಂದ, “ಬಂದ್ಲು ಕಣ್ರವ್ವ, ಡಾಬು ಜೋಪಾನ,” ಎಂದಳು. ಎಲ್ಲರೂ ನಕ್ಕರು. ಪುಟ್ಟಬಸಮ್ಮ ಈ ಸಲ ನಗಲಿಲ್ಲ. ಸೌತೆಕಾಯಿ ಹೆಚ್ಚುವ ಕಡೆಗೂ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿ ಹಿಡಿದಳು.

ಚಿತ್ರ ಶುರುವಾಯಿತು. ಮೊದಲ ಹತ್ತು ನಿಮಿಷ ಹುಡುಗರು ಫೋನು ನೋಡುತ್ತಿದ್ದರು. ಡೋಂಗಿ ಜೋಯಿಸ ಜಾರಿ ಬಿದ್ದ ಮೇಲೆ ಫೋನು ಜೇಬಿಗೆ ಹೋಯಿತು. ಮುದುಕರು ಪರದೆಗಿಂತ ಮೊದಲೇ ಮಾತು ಹೇಳಿ ನಗುತ್ತಿದ್ದರು. ಚೌಡಮ್ಮ ಪೊರಕೆ ಬೀಸಿದಾಗಲೆಲ್ಲ ಶಿಳ್ಳೆ ಬಿತ್ತು. ಲ್ಯಾಪ್‌ಟಾಪಿನ ಮುಂದೆ ಕೂತ ಕೋಮಲಳಿಗೆ ಮಾತ್ರ ಒಂದೂ ನಗು ಬರಲಿಲ್ಲ. ಅವಳ ಕಣ್ಣು ಕೆಳಗಿನ ಗೆರೆಯ ಮೇಲಿತ್ತು.

ಕೈ ಕಟ್ಟಿದರು. ಮಂಗಳ ಶುರುವಾಯಿತು.

ಮುತ್ತಯ್ಯ ಹೇಳಿದ್ದು ಅಕ್ಷರಶಃ ನಿಜ. ಮೊದಲು ಮುದುಕರು ಎದ್ದರು, ಹೆಗಲ ವಲ್ಲಿ ಸರಿಮಾಡಿಕೊಂಡು ಪರದೆಗೆ ಕೈಮುಗಿದರು. ಅವರು ಎದ್ದದ್ದು ನೋಡಿ ಉಳಿದವರು ಎದ್ದರು. ಕುರ್ಚಿಗಳು ಕಿರುಗುಟ್ಟಿದವು. ಚಪ್ಪಲಿ ಹುಡುಕುತ್ತ, ಕಾಫಿಯ ಮಾತಾಡುತ್ತ ಇಡೀ ಸಭೆ ಬಾಗಿಲ ಕಡೆ ತಿರುಗಿತು. ತಿರುಗಿದ್ದು ಅಲ್ಲೇ ನಿಂತಿತು.

ಹೊಸ್ತಿಲ ಮೇಲೆ ಪುಟ್ಟಬಸಮ್ಮ ಕೂತಿದ್ದಳು. ಬೆನ್ನು ಒಂದು ಬಾಗಿಲುವಾಡಕ್ಕೆ ಆತುಕೊಂಡಿತ್ತು, ನೀಡಿದ ಎರಡೂ ಕಾಲು ಇನ್ನೊಂದು ಬಾಗಿಲುವಾಡವನ್ನು ಮುಟ್ಟಿದ್ದವು.

“ಏಳಮ್ಮೋ, ದಾರಿ ಬುಡು,” ಎಂದರು ಕೆಂಪನಂಜಪ್ಪ.

“ದಾರಿ ಅದಲ್ವಾ, ದಾಟ್ಕಂಡು ಓಗಿ.”

ಕೂಸು ಮಲಗಿದ್ದರೂ ದಾಟಬಾರದು, ದಾಟಿದರೆ ಮರಳಿ ದಾಟಿ ಪರಿಹಾರ ಮಾಡಬೇಕು ಎನ್ನುವ ಊರು ಅದು. ಅದರಲ್ಲೂ ಮದುವೆಯ ಚಪ್ಪರದ ದಿನ, ಹೊಸ್ತಿಲ ಮೇಲೆ, ಎಂಬತ್ತಮೂರರ ಅಜ್ಜಿಯನ್ನು. ಮುಂದೆ ನಿಂತವನೊಬ್ಬ ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟ.

“ಏನಮ್ಮಿ ಇದು, ಮುಗೀತಲ್ಲ ಪಿಚ್ಚರ್ರು,” ಎಂದರು ಮತ್ತೆ ಕೆಂಪನಂಜಪ್ಪ.

“ಮುಗ್ದಿಲ್ಲ. ಅವತ್ತೂ ಮುಗ್ದಿರ್ನಿಲ್ಲ. ಕುಂತ್ಕಳಿ.”

ಅಷ್ಟರಲ್ಲಿ ಪರದೆಯಲ್ಲಿ ಆರತಿ ಎತ್ತುತ್ತಿದ್ದ ಪುರೋಹಿತ ತಟ್ಟೆ ನಿಲ್ಲಿಸಿ ಸಭೆಯ ಕಡೆ ಬೆರಳು ಮಾಡಿ ಕೂಗಿದ. “ಕೂತ್ಕೊಳ್ರಪ್ಪಾ, ಇನ್ನೂ ಮುಗಿದಿಲ್ಲ. ಪೆಟ್ಟಿಗೆ ಸಿಕ್ಕಿತು ಸರಿ, ಡಾಬೆಲ್ಲಿ?”

ನಿಂತಿದ್ದವರೆಲ್ಲ ಬೆಚ್ಚಿ ಹಿಂದಿರುಗಿ ನೋಡಿದರು. ಯಾರೋ “ಇದ್ನ ಅವತ್ತು ತೋರ್ಸೇ ಇಲ್ವಲ್ಲ,” ಎಂದರು. ಒಬ್ಬೊಬ್ಬರಾಗಿ ಕೂತರು. ಕೆಂಪನಂಜಪ್ಪ ಕೊನೆಗೆ ಕೂತರು.

ಹದಿನಾಲ್ಕನೆಯ ರೀಲು ಓಡಿತು. ಡಾಬು ಮೊದಲಿನಿಂದಲೂ ಚೌಡಮ್ಮನ ಸೊಂಟದಲ್ಲೇ ಇತ್ತು, ಸೀರೆಯ ನೆರಿಗೆಯ ಒಳಗೆ. ಅದನ್ನು ಕಟ್ಟಿಕೊಂಡೇ ಅವಳು ಪೊಲೀಸಿನವನ ಎದುರು ಕೋಲಾಟ ಆಡಿದ್ದಳು. “ನಾನೇಳ್ನಿಲ್ವಾ, ಕಳ್ಳೀನೇ,” ಎಂದು ಕೆಂಪನಂಜಪ್ಪ ತೊಡೆ ತಟ್ಟಿದರು, ಸಭೆ ಗೊಳ್ಳೆಂದಿತು. ಕೋಮಲ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಕಾಲನ್ನು ಒಂದಿಂಚೂ ಮಡಿಸಿರಲಿಲ್ಲ. ಪರದೆಯಲ್ಲಿ ಚೌಡಮ್ಮ ಒರೆಗಲ್ಲು ತರಿಸಿದಳು. ಡಾಬು ಹಿತ್ತಾಳೆ, ಮೇಲೆ ಚಿನ್ನದ ನೀರು. “ಹಿತ್ತಾಳೆ ಕದ್ದ ನಂಗೆ ಆರು ತಿಂಗಳಾದ್ರೆ, ಚಿನ್ನ ಅಂತ ಬೀಗರಿಗೆ ಹಿತ್ತಾಳೆ ಕೊಟ್ಟ ಯಜಮಾನರಿಗೆ ಎಷ್ಟು ತಿಂಗಳು ಸ್ವಾಮಿ?” ಸಾಹುಕಾರ ಅವಳ ಕೈ ಬಿಚ್ಚಿ ಕಾಲಿಗೆ ಬಿದ್ದ. ಸಭೆಯಲ್ಲಿದ್ದ ಗಂಡಿನ ಕಡೆಯ ಬೀಗರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಕತೆ ಮುಗಿಯಿತು. ನಾಟಕದಲ್ಲಿ ಪಾತ್ರಧಾರಿಗಳು ಕೊನೆಗೆ ರಂಗಕ್ಕೆ ಬಂದು ಕೈಮುಗಿಯುವಂತೆ, ಒಬ್ಬೊಬ್ಬರೇ ಬಂದು ತಮ್ಮ ಹೆಸರು ಹೇಳತೊಡಗಿದರು. ಸಾಹುಕಾರ ಮೀಸೆ ಕಿತ್ತು ಕೈಯಲ್ಲಿ ಹಿಡಿದು ಹೆಸರು ಹೇಳಿದ. ಜೋಯಿಸ ಹೇಳಿದ. ನಗು ಇನ್ನೂ ತಣ್ಣಗಾಗಿರಲಿಲ್ಲ. ಆಮೇಲೆ ಅವಳು ಬಂದಳು. ಸೊಂಟದ ಡಾಬು ಬಿಚ್ಚಿ ಕೆಳಗಿಟ್ಟಳು, ತಲೆಯ ಸೆರಗು ಸರಿಮಾಡಿಕೊಂಡಳು. ಗಯ್ಯಾಳಿ ದನಿ ಹೋಗಿತ್ತು. ಹತ್ತೊಂಬತ್ತು ವರ್ಷದ, ಸ್ವಲ್ಪ ಹೆದರಿದ ದನಿ.

“ನಮಸ್ಕಾರ. ಡಾಬು ಕದ್ದೋಳು ಚೌಡಮ್ಮ. ನಾನು ಅಗರದ ಗೋವಿಂದಮ್ಮ. ನಮ್ಮೂರೋರು ಯಾರಾದ್ರೂ ನೋಡ್ತಾ ಇದ್ರೆ, ನಾನು ಚೆನ್ನಾಗಿವ್ನಿ, ಸುಗ್ಗಿಗೆ ಬತ್ತೀನಿ ಅಂತ ನಮ್ಮವ್ವಂಗೆ ಏಳಿ.”

ಕೈಮುಗಿದು ಪಕ್ಕಕ್ಕೆ ಸರಿದಳು. ಇನ್ನಿಬ್ಬರು ಬಂದು ಹೆಸರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಪರದೆ ಕಪ್ಪಾಯಿತು.

ಸಭೆಯಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಚನ್ನಮಲ್ಲಮ್ಮ ಸೆರಗಿನ ಅಂಚು ಬಾಯಿಗೆ ಒತ್ತಿಕೊಂಡಿದ್ದಳು.

“ಕೋಮಲಾ,” ಅಜ್ಜಿ ಹೊಸ್ತಿಲಿಂದ ಕರೆದಳು. “ದನಿ ಕೇಳುಸ್ತು. ಮಕ ಕಾಣ್ನಿಲ್ಲ ಕಣ, ದೂರಾಯ್ತು. ಅದಷ್ಟನ್ನ ಇನ್ನೊಂದ್ಸಲ ಆಕು, ಮುಂದಕ್ಕೆ ಬತ್ತೀನಿ.”

ಅವಳು ಬಾಗಿಲುವಾಡ ಹಿಡಿದು ಏಳಲು ನೋಡಿದಳು. ಅರಿಶಿನ ಹಚ್ಚಿಕೊಂಡಿದ್ದ ಪ್ರೇಮಾ ಓಡಿಬಂದು ತೋಳು ಕೊಟ್ಟಳು. ಇಬ್ಬರೂ ಕುರ್ಚಿಗಳ ನಡುವೆ ನಿಧಾನವಾಗಿ ಮುಂದೆ ನಡೆದರು. ಬಾಗಿಲು ಈಗ ತೆರವಾಗಿತ್ತು, ಹೊರಗಿಂದ ಕಾಫಿಯ ವಾಸನೆ ಒಳಗೆ ಬರುತ್ತಿತ್ತು. ಕೋಮಲ ಗೆರೆಯ ಮೇಲೆ ಬೆರಳಿಟ್ಟುಕೊಂಡು ಕಾದಳು. ಹಿಂದಿನ ಸಾಲಿನ ನಾಲ್ವರು ಎದ್ದು ಹೊರಗೆ ಹೋದರು. ಮಗು ಅತ್ತಿತೆಂದು ಒಬ್ಬಳು ಹೋದಳು. ಕೆಂಪನಂಜಪ್ಪ ಎದ್ದು ನಿಂತು ವಲ್ಲಿ ಕೊಡವಿದರು, ಬಾಗಿಲ ಕಡೆ ಒಮ್ಮೆ ನೋಡಿದರು, ತಾವು ಕೂತಿದ್ದ ಮುಂದಿನ ಸಾಲಿನ ಕುರ್ಚಿಯನ್ನು ಎಳೆದು ಪರದೆಗೆ ಇನ್ನಷ್ಟು ಹತ್ತಿರ ಹಾಕಿದರು.

“ಇಲ್ಲಿ ಕುಂತ್ಕಳಿ ಬಸಮ್ಮಕ್ಕ,” ಎಂದರು. ಆಮೇಲೆ ಹಿಂದಿನ ಸಾಲಿಗೆ ಸರಿದು ಕೂತು, ಕೋಮಲಳಿಗೆ ಹೇಳಿದರು. “ಆಕವ್ವ. ನಗಾಡ್ತಾ ನಾನೂ ಸರಿಯಾಗಿ ಕೇಳುಸ್ಕಣ್ನಿಲ್ಲ. ಒಸಿ ದನಿ ಜಾಸ್ತಿ ಮಡಗು.”

ಕೋಮಲ ದನಿ ಏರಿಸಿ, ಗೆರೆಯನ್ನು ಹಿಂದಕ್ಕೆ ಎಳೆದಳು.